ಗೆರೆ ನಿನ್ನದು, ಚಾಕು ನನ್ನದು

ಆ ಸೋಫಾ ಅಂಗಡಿಯಲ್ಲಿ ಯಾರಾದರೂ ಚಾಕು ಕೇಳಿದರೆ ಚಾಕು ಬರುತ್ತಿರಲಿಲ್ಲ, ಮಾವ ಬರುತ್ತಿದ್ದರು.

ಅಂಗಡಿ ಎಂದರೆ ಬೀದಿಯ ಕಡೆಗೆ ಒಂದು ಗಾಜಿನ ಕಿಟಕಿ, ಒಳಗೆ ಉದ್ದನೆಯ ಒಂದೇ ಕೋಣೆ. ಕಿಟಕಿಯ ಪಕ್ಕ ಸೊಸೆಯ ಹೊಲಿಗೆ ಮಶೀನು. ಆ ಕೊನೆಯಲ್ಲಿ, ಕತ್ತರಿಸುವ ದೊಡ್ಡ ಮೇಜಿನ ಹಿಂದೆ, ಮಾವನ ಎತ್ತರದ ಸ್ಟೂಲು. ನಡುವೆ ಹೊಟ್ಟೆ ಬಗೆದ ಸೋಫಾಗಳು, ಕಾಲು ಕಳಚಿದ ಕುರ್ಚಿಗಳು, ಹತ್ತಿಯ ಮೂಟೆಗಳು. ಸೊಸೆ ಈ ತುದಿಯಿಂದ, "ಮಾವ, ಈ ಪಟ್ಟಿ ಕತ್ತರಿಸಬೇಕಿತ್ತು" ಎಂದರೆ ಆ ತುದಿಯಲ್ಲಿ ಸ್ಟೂಲು ಕಿರ್ರೆನ್ನುತ್ತಿತ್ತು. ಮಾವ ಮೂಟೆಗಳನ್ನು ಬಳಸಿಕೊಂಡು ಬಂದು, ಅವಳ ಪಕ್ಕ ನಿಂತು, ಪ್ಯಾಂಟಿನ ಬಲಜೇಬಿನಿಂದ ಚಾಕು ತೆಗೆದು, ಉಗುರು ತಾಗಿಸಿ ಅಲಗು ಬಿಡಿಸುತ್ತಿದ್ದರು. ಟಿಕ್. ಕತ್ತರಿಸಿ, ಅಲಗನ್ನು ತೊಡೆಗೆ ಒರೆಸಿ, ಮಡಚಿ, ಜೇಬಿಗಿಳಿಸಿ, ಜೇಬನ್ನು ಒಮ್ಮೆ ಮೇಲಿನಿಂದ ತಟ್ಟಿ ಹೋಗುತ್ತಿದ್ದರು, ಮಗು ಮಲಗಿಸಿದವರ ಹಾಗೆ.

ಚಾಕು ನೋಡಲು ಅಂಥದ್ದೇನೂ ಅಲ್ಲ. ಕೊಂಬಿನ ಹಿಡಿ, ಎರಡು ಹಿತ್ತಾಳೆ ಮೊಳೆ, ಮಸೆದು ಮಸೆದು ಅರ್ಧಕ್ಕೆ ಸವೆದ ಅಲಗು. ಆದರೆ ಮನೆ, ಅಂಗಡಿ ಎರಡೂ ನಡೆಯುತ್ತಿದ್ದದ್ದು ಅದರಿಂದಲೇ. ಪಾರ್ಸೆಲ್ಲಿನ ಟೇಪು, ಪೆನ್ಸಿಲ್ಲಿನ ಮೊನೆ, ಸ್ವಿಚ್ಚಿನ ಸಡಿಲ ಸ್ಕ್ರೂ, ಔಷಧಿ ಬಾಟಲಿಯ ಹಟಮಾರಿ ಮುಚ್ಚಳ, ಎಲ್ಲಕ್ಕೂ ಅದೇ. ಟೀ ಹೊತ್ತಿನಲ್ಲಿ ಮಾವ ಸೇಬಿನ ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ ಒಂದೇ ಎಳೆಯಾಗಿ ಇಳಿಸುವಾಗ ಸ್ಪ್ರಿಂಗಣ್ಣ ಟೀ ಆರಿಸಿಕೊಂಡು ನೋಡುತ್ತಿದ್ದ. ಸ್ಪ್ರಿಂಗಣ್ಣ ಎಂದರೆ ಸೋಫಾದೊಳಗೆ ಸ್ಪ್ರಿಂಗ್ ಕಟ್ಟುವ ಹಳೆಯ ಕೆಲಸಗಾರ. ಅವನಿಗೆ ಚಾಕು ಬೇಕಿರಲಿಲ್ಲ, ಹಲ್ಲು ಸಾಕಿತ್ತು.

ಅಂಗಡಿಗೊಂದು ಕಾನೂನಿತ್ತು. ಬಟ್ಟೆ, ರೆಗ್ಜಿನ್, ಚರ್ಮ ಯಾವುದನ್ನೇ ಆಗಲಿ ಕತ್ತರಿಸುವ ಹಕ್ಕು ಜೇಬಿನಲ್ಲಿ ಚಾಕು ಇದ್ದವರಿಗೆ ಮಾತ್ರ. ಆ ಚಾಕು ಮಾವ ತಮ್ಮ ಕೈಯಾರೆ ಕೊಟ್ಟದ್ದಾಗಿರಬೇಕು. ಸಂತೆಯಲ್ಲಿ ಕೊಂಡು ತಂದದ್ದು ನಡೆಯದು. ಒಬ್ಬರ ಚಾಕು ಇನ್ನೊಬ್ಬರು ಕೇಳುವಂತೆಯೂ ಇರಲಿಲ್ಲ. "ಚಾಕೂ ಹಲ್ಲುಜ್ಜೋ ಬ್ರಷ್ಷೂ ಒಂದೇ" ಎನ್ನುತ್ತಿದ್ದರು ಮಾವ. "ಕೊಡೋದೂ ಇಲ್ಲ, ಕೇಳೋದೂ ಇಲ್ಲ."

ಹಿಂದಿನ ಅಂಗಳದಲ್ಲಿ ಮರದ ಚೌಕಟ್ಟು ಮಾಡುವ ಸೊಸೆಯ ಗಂಡನಿಗೆ ಚಾಕು ಸಿಕ್ಕಿತ್ತು. ಅವನ ತಮ್ಮನಿಗೂ ಸಿಕ್ಕಿತ್ತು. ಮೈದುನ ತನ್ನ ಚಾಕುವಿನಿಂದ ಸೋಡಾ ಬಾಟಲಿ ತೆಗೆಯುತ್ತಿದ್ದ, ಬೂಟಿನ ಮಣ್ಣು ಕೆರೆಯುತ್ತಿದ್ದ, ಮಿಕ್ಕ ಹೊತ್ತಿನಲ್ಲಿ ಬಟ್ಟೆಯನ್ನೂ ಕತ್ತರಿಸುತ್ತಿದ್ದ. ಅವನು ಕತ್ತರಿಸಿದ ಒಂದು ಸೋಫಾದ ಬಲಗೈ ದಪ್ಪ, ಎಡಗೈ ಸಣಕಲು ಆಗಿ, ಅದನ್ನು ಹೊಸ ಫ್ಯಾಷನ್ ಎಂದು ಗಿರಾಕಿಗೆ ನಂಬಿಸಬೇಕಾಗಿ ಬಂದಿತ್ತು.

ಸೊಸೆಗೆ ಸಿಕ್ಕಿದ್ದು ಸೀಮೆಸುಣ್ಣ. ಅಳತೆ ತೆಗೆಯುವವಳು ಅವಳು, ಬಟ್ಟೆಯ ಮೇಲೆ ಗೆರೆ ಎಳೆಯುವವಳು ಅವಳು, ಕತ್ತರಿಸಿದ್ದನ್ನು ಹೊಲಿಯುವವಳೂ ಅವಳೇ. ನಡುವಿನ ಆ ಒಂದು ಕೆಲಸ ಮಾತ್ರ ಅವಳದಲ್ಲ. ಎಷ್ಟೋ ವರ್ಷದಿಂದ ಮಾವನದು ಒಂದೇ ಮಾತು: "ಗೆರೆ ನಿನ್ನದು, ಚಾಕು ನನ್ನದು." ಅವಳ ಮಶೀನಿನ ಮೇಲೆ ದಾರ ಕತ್ತರಿಸುವ ಒಂದು ಕತ್ತರಿಯೇನೋ ಇತ್ತು. ಮಾವನ ಲೆಕ್ಕದಲ್ಲಿ ಕತ್ತರಿ ಆಯುಧದ ಜಾತಿಗೇ ಸೇರಿದ್ದಲ್ಲ.

ಹೀಗಿರುವಾಗ ದೊಡ್ಡ ಟೀಚರ್ ಮನೆಯಿಂದ ಕೆಲಸ ಬಂತು. ಊರಿನ ಅರ್ಧ ಮಕ್ಕಳ ಕಿವಿ ಹಿಂಡಿ ನಿವೃತ್ತರಾದ ಹೆಡ್ ಟೀಚರ್ ಅವರು. ಕಿಟಕಿಯ ಬೆಂಚಿಗೆ ಒಂದಷ್ಟು ದಿಂಬು ಬೇಕು, ಓದುವ ಕುರ್ಚಿಗೆ ಹೊಸ ಚರ್ಮ ಹಾಕಬೇಕು. ಚರ್ಮ ಅವರೇ ಕಳಿಸಿದ್ದರು. ಕಡು ಹಸಿರು, ಇಡೀ ಒಂದೇ ತುಂಡು, ಕೈಯಿಟ್ಟರೆ ಬೆಣ್ಣೆ. ಕುರ್ಚಿಗೆ ಸರಿಯಾಗಿ ಸಾಕಾಗುವಷ್ಟು ಇತ್ತು. ಒಂದು ಕಡೆ ಕೈ ತಪ್ಪಿದರೆ ಜೋಡಿಸಲು ಬೇರೆ ತುಂಡಿರಲಿಲ್ಲ.

ಮಾವ ಅದನ್ನು ಮೇಜಿನ ಮೇಲೆ ಹಾಸಿ, ಬಗ್ಗಿ ನೋಡಿ, ಕಣ್ಣು ಕಿರಿದು ಮಾಡಿ ನೋಡಿ, ಕೊನೆಗೆ ಸುರುಳಿ ಸುತ್ತಿಟ್ಟರು. ಕನ್ನಡಕ ಅಂಗಿಯ ಜೇಬಿನಲ್ಲೇ ಇತ್ತು. ಅದನ್ನು ಅವರು ಪೆನ್ನಿನ ಹಾಗೆ ಸಿಕ್ಕಿಸಿಕೊಳ್ಳುತ್ತಿದ್ದರೇ ಹೊರತು ಮೂಗಿಗೇರಿಸಿದ್ದನ್ನು ಯಾರೂ ಕಂಡಿರಲಿಲ್ಲ.

"ಇದನ್ನ ಚಿಕ್ಕವನು ಕತ್ತರಿಸಲಿ" ಎಂದರು.

ಚಿಕ್ಕವನು ಆಗ ಚಾಕುವಿನ ಮೊನೆಯಿಂದ ಬೆನ್ನು ತುರಿಸಿಕೊಳ್ಳುತ್ತಿದ್ದ.

ಸೊಸೆ ಮಶೀನು ನಿಲ್ಲಿಸಿದಳು. ಆ ಚರ್ಮವನ್ನು ಕಂಡ ಗಳಿಗೆಯಿಂದ ಅವಳು ಮನಸ್ಸಿನಲ್ಲೇ ಅದನ್ನು ಕತ್ತರಿಸಿ ಮುಗಿಸಿದ್ದಳು. ಬೆನ್ನಿಗೆ ಇಷ್ಟು, ಆಸನಕ್ಕೆ ಇಷ್ಟು, ಕೈಗೆ ಆ ಅಂಚಿನಿಂದ. ತಡೆಯಲಾರದೆ ಕೇಳಿಯೇಬಿಟ್ಟಳು: "ನಾನು ಕತ್ತರಿಸ್ತೀನಿ ಮಾವ. ನಂಗೂ ಒಂದು ಚಾಕು ಕೊಡಿ."

ಮಾವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಜೇಬೇ ಇಲ್ಲದವರಿಗೆ ಜೇಬುಚಾಕು ಯಾಕಮ್ಮ?"

ಮೈದುನ ನಕ್ಕ. ಸ್ಪ್ರಿಂಗಣ್ಣನೂ ಬಾಯಲ್ಲಿದ್ದ ಹುರಿ ಬಿಟ್ಟು ನಕ್ಕ. ಸೊಸೆ ಮರುದಿನ ಬರುವಾಗ ಅವಳ ಉಡುಪಿನ ಬಲಗಡೆ ಎರಡು ಪದರದ, ಮೂಲೆಗೆ ಮೂರು ಸುತ್ತು ಹೊಲಿಗೆ ಹಾಕಿದ ಜೇಬೊಂದಿತ್ತು. ಸುತ್ತಿಗೆಯಿಟ್ಟರೂ ಹರಿಯದಂಥದ್ದು.

ಮಾವ ಜೇಬನ್ನು ಎಳೆದು ನೋಡಿ ತಲೆದೂಗಿದರು. "ಒಳ್ಳೆ ಜೇಬು. ಕರವಸ್ತ್ರ ಇಟ್ಕೋ."

ಆವತ್ತು ಸೊಸೆ ಒಂದು ತೀರ್ಮಾನಕ್ಕೆ ಬಂದಳು. ಚಾಕು ಕೊಡದವರು ಕರೆದಾಗಲೆಲ್ಲ ಬರಬೇಕು ತಾನೇ? ಬರಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಡೆದು ನಡೆದು ಮಂಡಿ ಸೋತು, "ತಗೋ ಮಾರಾಯ್ತಿ, ನೀನೇ ಇಟ್ಕೋ" ಎನ್ನುವವರೆಗೂ ಕರೆಯುವುದು. ಅಡ್ಡಿಯೆಂದರೆ ಮಶೀನಿನ ಮೇಲಿನ ಆ ಕತ್ತರಿ. ಅದು ಅಲ್ಲಿದ್ದರೆ ದಾರಕ್ಕೆಲ್ಲ ಮಾವನನ್ನು ಕರೆಯುವುದು ಹೇಗೆ? ಅವಳು ಅತ್ತ ಇತ್ತ ನೋಡಿ, ಮಡಿಲಲ್ಲಿದ್ದ ದೊಡ್ಡ ಟೀಚರ್ ದಿಂಬಿನ ತೆರೆದ ಬಾಯಿಗೆ ಕತ್ತರಿಯನ್ನು ತಳ್ಳಿದಳು. ಸದ್ಯಕ್ಕೆ ಅಲ್ಲಿರಲಿ, ಆಮೇಲೆ ಬೇರೆ ಕಡೆ ಬಚ್ಚಿಟ್ಟರಾಯಿತು ಎಂದುಕೊಂಡು.

ನಂತರ ಮಾವನ ಮುಖ ಹೇಗಾಗಬಹುದು ಎಂಬುದನ್ನು ನೆನೆನೆನೆದು ನಗುತ್ತ ಕುಳಿತಳು. ತಲೆ ನಗುತ್ತಿದ್ದಾಗ ಕೈ ಸುಮ್ಮನಿರಲಿಲ್ಲ. ಅದು ತನ್ನ ಪಾಡಿಗೆ ಹತ್ತಿ ತುಂಬಿತು, ಬಾಯಿ ಕೂಡಿಸಿತು, ಎಳೆ ಹೊರಗೆ ಕಾಣದ ಒಳಹೊಲಿಗೆ ಹಾಕಿ, ಗಂಟನ್ನು ಒಳಕ್ಕೆ ನುಂಗಿಸಿ, ದಿಂಬನ್ನು ರಾಶಿಗೆ ಎಸೆದು, ಮುಂದಿನದನ್ನು ಎತ್ತಿಕೊಂಡಿತು.

"ಮಾವ, ಒಂದು ದಾರ."

ಸ್ಟೂಲು ಕಿರ್ರೆಂದಿತು. ಟಿಕ್.

"ಕತ್ತರಿ ಎಲ್ಲಿ?"

"ಕಾಣಿಸ್ತಿಲ್ಲ ಮಾವ. ಇಲಿ ಎಳ್ಕೊಂಡು ಹೋಯ್ತೋ ಏನೋ."

ಮಾವ ಕತ್ತರಿಸಿ ಹೋದರು. ಅವರು ಸ್ಟೂಲು ಹತ್ತಿ ಕುಳಿತದ್ದೇ ತಡ, "ಮಾವ, ಇನ್ನೊಂದು ದಾರ." ಬಂದರು. "ಮಾವ, ಈ ಗಂಟು." ಬಂದರು. ಸಂಜೆಯ ಹೊತ್ತಿಗೆ ಸ್ಪ್ರಿಂಗಣ್ಣನಿಗೂ ಆಟ ಹತ್ತಿತು. ಹುಟ್ಟಿದಾಗಿನಿಂದ ಹಲ್ಲಲ್ಲೇ ಕಡಿದವನು ತನ್ನ ಮೂಲೆಯಿಂದ, "ಯಜಮಾನ್ರೇ, ಈ ಹುರಿ ಯಾಕೋ ಹಲ್ಲಿಗೆ ಬಗ್ತಿಲ್ಲ" ಎಂದು ಕೂಗಿದ. ಬಂದರು.

ಗಂಡ ಮಾತ್ರ ಇದರಲ್ಲಿ ತಲೆ ಹಾಕಲಿಲ್ಲ. "ನೀವು ಮಾವ ಸೊಸೆ ಏನಾದ್ರೂ ಮಾಡ್ಕೊಳ್ಳಿ. ಮಧ್ಯ ಬಂದು ಕೊಯ್ಸಿಕೊಳ್ಳೋನು ನಾನಲ್ಲ" ಎಂದು ಅಂಗಳಕ್ಕೆ ಹೋದ.

ಕೆಲವು ದಿನ ಹೀಗೆ ನಡೆಯಿತು. ಸೊಸೆ ಮಾವನ ಮಂಡಿಯನ್ನೇ ನೋಡುತ್ತಿದ್ದಳು. ಮೊದಲು ಕುಂಟುತ್ತಿದ್ದ ಹಾಗಿತ್ತು. ಆಮೇಲೆ ಕುಂಟು ಕಾಣಲಿಲ್ಲ. ಸೋತು ಮುಚ್ಚಿಡುತ್ತಿದ್ದಾರೆ ಎಂದುಕೊಂಡಳು. ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಅತ್ತೆ ಅವಳ ಭುಜ ಹಿಡಿದು ನಿಲ್ಲಿಸಿದರು.

"ಏನೇ ಮಾಡಿದೆ ನಿಮ್ಮ ಮಾವನಿಗೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸೊಸೆ ಜೇಬು ಮುಟ್ಟಿಕೊಂಡಳು. "ನಾನೇನ್ ಮಾಡಿದೆ ಅತ್ತೆ?"

"ಮೊದ್ಲು ರಾತ್ರಿಯೆಲ್ಲ ಮಂಡಿ ಮಂಡಿ ಅಂತ ನರಳ್ತಿದ್ರು. ಈಗ ಬಿದ್ದರೆ ಮರದ ತುಂಡು. ಬೆಳಗ್ಗೆ ಎದ್ದು ಹಾಡ್ಕೊತಾರೆ. ಡಾಕ್ಟ್ರು ನಡೀರಿ ನಡೀರಿ ಅಂತ ಬಡ್ಕೊಂಡ್ರೂ ಕೇಳದವರು, ಈಗ ಅಂಗಡಿಗೆ ಹೊರಡೋ ಆತುರ ನೋಡು. ‘ನಾನಿಲ್ದೆ ಅಲ್ಲಿ ಒಂದು ದಾರನೂ ತುಂಡಾಗಲ್ಲ’ ಅಂತಾರೆ. ನಿನ್ ಹೊಟ್ಟೆ ತಣ್ಣಗಿರ್ಲಿ."

ಸೊಸೆ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಸೋಲಿಸಲು ಹೊರಟು ಔಷಧಿ ಮಾಡಿದ್ದಾಯಿತು.

ಇನ್ನು ಆ ಆಟ ಸಾಕು ಎಂದುಕೊಂಡು ಅಂಗಡಿಗೆ ಬಂದವಳಿಗೆ ಕತ್ತರಿಯ ನೆನಪಾಯಿತು. ಎಲ್ಲಿಟ್ಟೆ? ದಿಂಬಿನಲ್ಲಿ. ದಿಂಬು ಎಲ್ಲಿ? ರಾಶಿಯಲ್ಲಿ. ಅವಳು ರಾಶಿಯ ದಿಂಬುಗಳನ್ನು ಒಂದೊಂದಾಗಿ ಎದೆಗೊತ್ತಿ ಹಿಸುಕತೊಡಗಿದಳು. ಮೈದುನ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದ.

"ಅತ್ತಿಗೆ, ಅಣ್ಣ ಹಿಂದೆ ಅಂಗಳದಲ್ಲೇ ಇದಾನೆ. ಕರೀಲಾ?"

"ಬಾಯಿ ಮುಚ್ಚೋ. ದೊಡ್ಡ ಟೀಚರ್ ದಿಂಬು ಎಲ್ಲಿ?"

"ಅವು ನಿನ್ನೆನೇ ಕೊಟ್ಟು ಬಂದ್ನಲ್ಲ."

ಸೊಸೆ ಹತ್ತಿಯ ಮೂಟೆಯ ಮೇಲೆ ಕುಸಿದಳು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಮಾವ ಎತ್ತಿಕೊಂಡು, "ಹೂಂ ಟೀಚರ್... ಗಟ್ಟಿಯಾಗಿ ಏನೋ ಚುಚ್ಚತ್ತಾ?... ಎಲ್ಲಿಗೆ?... ಅಯ್ಯೋ, ಕೂತ್ಕೊಳ್ಳೋ ಜಾಗಕ್ಕೇನಾ... ಈಗ್ಲೇ ಬರ್ತೀವಿ" ಎಂದು ಇಟ್ಟರು. "ನೀನೂ ಬಾ" ಎಂದರು ಸೊಸೆಗೆ. "ದಿಂಬು ನಿನ್ನ ಕೈಕೆಲಸ."

ದಾರಿಯುದ್ದಕ್ಕೂ ಸೊಸೆ ಒಂದೇ ಲೆಕ್ಕ ಹಾಕಿದಳು. ಕತ್ತರಿ ಹೊರಬಿದ್ದರೆ ಚರ್ಮ ಕೈ ತಪ್ಪಿತು. ಈಗ ಮಾತ್ರವಲ್ಲ, ಎಂದೆಂದಿಗೂ. ಹೊಲಿಗೆಯೊಳಗೆ ಕತ್ತರಿ ಮರೆಯುವವಳ ಕೈಗೆ ಯಾರು ಚಾಕು ಕೊಡುತ್ತಾರೆ?

ದೊಡ್ಡ ಟೀಚರ್ ಅಪರಾಧಿ ದಿಂಬನ್ನು ಬೇರೆ ತೆಗೆದು ಮೇಜಿನ ಮೇಲೆ ಒಂಟಿಯಾಗಿ ಕೂರಿಸಿದ್ದರು, ತರಗತಿಯ ಹೊರಗೆ ನಿಲ್ಲಿಸಿದ ಹುಡುಗನ ಹಾಗೆ. "ನೋಡಿ. ನಾನು ಕೂತ್ರೆ ಅದು ಎದ್ದೇಳಿಸತ್ತೆ."

ಮಾವ ದಿಂಬನ್ನು ಎತ್ತಿ ಹಿಸುಕಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಚಾಕು ತೆಗೆದರು. ಟಿಕ್. ದಿಂಬಿನ ಹೊಲಿಗೆ ಹುಡುಕಲು ಅಂಚು ಸವರಿದರು. ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಕಿಟಕಿಯ ಬೆಳಕಿಗೆ ಹಿಡಿದರು, ದೂರ ಹಿಡಿದರು, ಮೂಗಿನ ಹತ್ತಿರ ಹಿಡಿದರು. ಬಾಯಿ ಎಲ್ಲಿ ಕೂಡಿದೆ ಎಂದು ಅವರಿಗೆ ಸಿಗಲಿಲ್ಲ. ಕನ್ನಡಕಕ್ಕಾಗಿ ಜೇಬಿಗೆ ಕೈ ಹೋಗಿ ಅರ್ಧದಲ್ಲೇ ಹಿಂದೆ ಬಂತು.

"ಎಲ್ಲಮ್ಮ ಇದೆ ಹೊಲಿಗೆ?" ಎಂದು ಮೆಲ್ಲಗೆ ಕೇಳಿದರು.

ಸೊಸೆ ಬೆರಳಿಟ್ಟು ತೋರಿಸಿದಳು. ಮಾವ ಬಗ್ಗಿ ನೋಡಿದರು. ಬೆರಳು ಕಂಡಿತು, ಹೊಲಿಗೆ ಕಾಣಲಿಲ್ಲ. ಅಂದಾಜಿನಲ್ಲಿ ಅಲಗು ಹಾಕಿದರೆ ಬಟ್ಟೆ ಹರಿಯುತ್ತದೆ. ಅವರು ದೊಡ್ಡ ಟೀಚರನ್ನೊಮ್ಮೆ, ದಿಂಬನ್ನೊಮ್ಮೆ ನೋಡಿದರು. ಆಮೇಲೆ, ಆ ಮನೆತನದಲ್ಲಿ ಹಿಂದೆಂದೂ ಆಗದ್ದು ಆಯಿತು. ಚಾಕುವನ್ನು ತಿರುಗಿಸಿ, ಹಿಡಿಯನ್ನು ಸೊಸೆಯ ಕಡೆ ಮಾಡಿ ಚಾಚಿದರು.

ಕೊಂಬಿನ ಹಿಡಿ ಮಾವನ ತೊಡೆಯ ಕಾವಿಗೆ ಬೆಚ್ಚಗಿತ್ತು. ಅವಳು ಅಲಗಿನ ಮೊನೆಯನ್ನು ಅಂಚಿಗೆ ತಾಗಿಸಿ, ತಾನೇ ನುಂಗಿಸಿಟ್ಟ ಗಂಟನ್ನು ಎತ್ತಿ, ಎಳೆಯನ್ನಷ್ಟೇ ಕೊಯ್ದಳು. ಬಟ್ಟೆಯ ಒಂದು ನೂಲೂ ಅಲುಗಲಿಲ್ಲ. ಬಾಯಿ ತೆರೆಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕತ್ತರಿ ಹೊರಬಂತು.

ಮೂವರೂ ಅದನ್ನು ನೋಡಿದರು. ಸೊಸೆಗೆ ನೆಲ ಬಾಯ್ತೆರೆದರೆ ಸಾಕಾಗಿತ್ತು.

ಮಾವ ಗಂಟಲು ಸರಿಮಾಡಿಕೊಂಡರು. "ಇದು ನಮ್ಮ ಅಂಗಡಿ ಪರೀಕ್ಷೆ ಟೀಚರ್. ಹತ್ತಿ ಸರಿಯಾಗಿ ಕೂತಿದೆಯಾ ನೋಡೋಕೆ ಒಂದು ದಿಂಬಿನಲ್ಲಿ ಗಟ್ಟಿ ಸಾಮಾನು ಇಟ್ಟು ಕಳಿಸ್ತೀವಿ. ಚುಚ್ಚಿದ್ರೆ ಹತ್ತಿ ಕಮ್ಮಿ ಅಂತ ಗೊತ್ತಾಗತ್ತೆ. ಇನ್ನೊಂದು ಹಿಡಿ ಹಾಕಿಕೊಡ್ತೀವಿ."

ದೊಡ್ಡ ಟೀಚರ್ ಅವರನ್ನು ಕನ್ನಡಕದ ಮೇಲಿನಿಂದ ನೋಡಿದರು. "ಜೀವಮಾನವೆಲ್ಲ ಹುಡುಗ್ರ ನೆಪ ಕೇಳಿದೀನಿ. ಇದು ಹೊಸದು. ಚೆನ್ನಾಗಿದೆ." ಆಮೇಲೆ ಸೊಸೆಯ ಕಡೆ ತಿರುಗಿದರು. "ಅಂದಹಾಗೆ, ನನ್ನ ಕುರ್ಚಿ ಚರ್ಮ ಯಾರು ಕತ್ತರಿಸ್ತಾರೆ? ನಿಮ್ಮ ಚಿಕ್ಕವನಂತೂ ಬೇಡ. ಸ್ಕೇಲು ಕೊಟ್ರೂ ಅವನು ಗೆರೆ ನೆಟ್ಟಗೆ ಎಳೆದದ್ದು ನಾನು ನೋಡಿಲ್ಲ."

"ನೋಡೋಣ ಟೀಚರ್" ಎಂದು ಮಾವ ಕೈ ಚಾಚಿದರು. ಸೊಸೆ ಚಾಕು ಮಡಚಿ ಅವರ ಅಂಗೈಗಿಟ್ಟಳು. ಅದು ಬಲಜೇಬಿಗೆ ಇಳಿಯಿತು. ಮಾವ ಜೇಬನ್ನು ತಟ್ಟಿದರು.

ಹಿಂತಿರುಗುವಾಗ ಬೇಕರಿಯ ತಿರುವು ದಾಟಿದ ಮೇಲೆ ಮಾವ ಹೇಳಿದರು: "ಕತ್ತರಿನ ಇಲಿ ಎಳ್ಕೊಂಡು ಹೋಯ್ತು ಅಂದಿದ್ದೆ."

"ಹೂಂ ಮಾವ."

"ಇಲಿಗೆ ಒಳಹೊಲಿಗೆ ಬರತ್ತೆ ಅಂತ ಗೊತ್ತಿರ್ಲಿಲ್ಲ."

ಸೊಸೆ ತಲೆ ತಗ್ಗಿಸಿದಳು. ನಗು ಒತ್ತರಿಸಿ ಬರುತ್ತಿತ್ತು, ಅಳುವೂ ಅದರ ಹಿಂದೆಯೇ ಸಾಲಿನಲ್ಲಿ ನಿಂತಿತ್ತು. "ತಪ್ಪಾಯ್ತು. ನಿಮ್ಮನ್ನ ಓಡಾಡಿಸಿ ಸುಸ್ತು ಮಾಡಿದ್ರೆ ಚಾಕು ಕೊಡ್ತೀರಿ ಅಂತ..."

"ಅದು ಎರಡನೇ ದಾರಕ್ಕೇ ಗೊತ್ತಾಯ್ತು."

"ಮತ್ತೆ ಯಾಕೆ ಬರ್ತಿದ್ರಿ?"

ಮಾವ ಅಂಗಡಿಗಳ ಬೋರ್ಡುಗಳನ್ನು ಓದುವವರ ಹಾಗೆ ಮುಖ ಮೇಲೆತ್ತಿಕೊಂಡರು. ಅಷ್ಟು ದೂರದಿಂದ ಅವರಿಗೆ ಚೆನ್ನಾಗಿ ಕಾಣುತ್ತಿತ್ತು. "ಕರೀತಿದ್ದೆಯಲ್ಲ" ಎಂದರು. "ಈಗ ಕತ್ತರಿ ಸಿಕ್ತು. ಇನ್ನು ಕರೆಯಲ್ಲ."

ಚಾಕು ಬಿಟ್ಟುಕೊಟ್ಟರೆ ಅವರ ಜೇಬಿನಲ್ಲಿ ಉಳಿಯುವುದೇನು ಎಂದು ಸೊಸೆ ಈವರೆಗೆ ಯೋಚಿಸಿಯೇ ಇರಲಿಲ್ಲ.

ಮರುದಿನ ಹಸಿರು ಚರ್ಮ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಸೊಸೆ ಅಳತೆಗೆಂದು ಹೋದಾಗ ಮಾವ ಸ್ಟೂಲಿನಿಂದಿಳಿದು, ಎಲ್ಲರೂ ನೋಡುತ್ತಿರುವಂತೆ ಬಲಜೇಬಿನಿಂದ ಚಾಕು ತೆಗೆದು ಅವಳ ಮುಂದಿಟ್ಟರು.

"ನೀನೇ ಕತ್ತರಿಸು."

ಮೈದುನನ ಬಾಯಿ ತೆರೆದೇ ಉಳಿಯಿತು. ಸೊಸೆ ಚಾಕು ಎತ್ತಿಕೊಂಡಳು. ಅದರ ಹಿಂದೆಯೇ ಏನೋ ಎದ್ದು ಬಂತು. ಹಿಡಿಯ ತುದಿಗೆ ಸ್ಪ್ರಿಂಗ್ ಕಟ್ಟುವ ದಪ್ಪ ಹುರಿ ಬಿಗಿದಿತ್ತು. ಹುರಿಯ ಇನ್ನೊಂದು ತುದಿ ಮಾವನ ಬೆಲ್ಟಿಗೆ ಕಟ್ಟಿತ್ತು.

"ಏನ್ ಮಾವ ಇದು?"

"ಚಾಕು ನಿನ್ನ ಕೈಲಿ ಇದೆಯಲ್ಲ. ಇನ್ನೇನು ಬೇಕು?"

"ಹಸು ಕಟ್ಟಿದ ಹಾಗಿದೆ" ಎಂದ ಮೈದುನ.

"ಹಸು ಯಾರು ಅನ್ನೋದೇ ಗೊತ್ತಾಗ್ತಿಲ್ಲ" ಎಂದ ಸ್ಪ್ರಿಂಗಣ್ಣ.

ಸೊಸೆ ಮೇಜಿನ ಆಚೆ ಬದಿಗೆ ಹೋದಳು. ಮಾವನೂ ಹಿಂದೆ ಹೋದರು, ಹೋಗಲೇಬೇಕಿತ್ತು. ಈಚೆ ಬಂದಳು. ಬಂದರು. ಚರ್ಮದ ಮೂಲೆಗೆ ಬಗ್ಗಿದಾಗ ಬೆಲ್ಟು ಜಗ್ಗಿ ಮಾವನೂ ಬಗ್ಗಿದರು. ಅವರ ಮುಖದಲ್ಲಿ ಆಗಲೂ ಏನೂ ಕಾಣಲಿಲ್ಲ. ಮೀಸೆಯ ಒಂದು ತುದಿ ಮಾತ್ರ ನಡುಗುತ್ತಿತ್ತು.

ಸೊಸೆ ನೆಟ್ಟಗೆ ನಿಂತಳು. ಅಲಗನ್ನು ಬಿಡಿಸಿದಳು. ಟಿಕ್.

"ಚರ್ಮಕ್ಕೆ ಹಾಕೋ ಮೊದ್ಲು ಹರಿತ ನೋಡ್ಬೇಕಲ್ವಾ ಮಾವ? ನೀವೇ ಹೇಳಿಕೊಟ್ಟಿದ್ದು."

"ಹೂಂ. ನೋಡ್ಬೇಕು."

ಅವಳು ಹುರಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಒಂದೇ ಎಳೆತಕ್ಕೆ ಕತ್ತರಿಸಿದಳು.

ಮಾವ ಬೆಲ್ಟಿನಿಂದ ಜೋತ ಹುರಿಯನ್ನು ಎತ್ತಿ, ಕಡಿದ ತುದಿಯನ್ನು ಬೆರಳಿನಿಂದ ಸವರಿದರು. ಒಂದು ನಾರೂ ಎದ್ದಿರಲಿಲ್ಲ.

"ಹರಿತ ಇದೆ" ಎಂದರು.

"ಇದೆ ಮಾವ." ಸೊಸೆ ಮಶೀನಿನ ಹತ್ತಿರ ಹೋಗಿ ತನ್ನ ಸೀಮೆಸುಣ್ಣ ತಂದು ಅವರ ಕೈಯಲ್ಲಿಟ್ಟಳು. ಆಮೇಲೆ ಅವರ ಅಂಗಿಯ ಜೇಬಿನಿಂದ ಕನ್ನಡಕ ತೆಗೆದು, ಬಿಡಿಸಿ, ಮೂಗಿನ ಮುಂದೆ ಹಿಡಿದಳು. "ಹಸಿರು ಚರ್ಮದ ಮೇಲೆ ಬಿಳೀ ಗೆರೆ ಚೆನ್ನಾಗಿ ಕಾಣತ್ತೆ. ಬೆನ್ನಿನ ಅಳತೆ ನಾನು ಹೇಳ್ತೀನಿ, ನೀವು ಹಾಕಿ. ಗೆರೆ ನಿಮ್ಮದು."

ಮಾವ ಕನ್ನಡಕವನ್ನು ನೋಡಿದರು, ಸೀಮೆಸುಣ್ಣವನ್ನು ನೋಡಿದರು. ಕನ್ನಡಕ ಹಾಕಿಕೊಂಡು ಗೆರೆ ಎಳೆದರು. ಅವಳು ಹಿಂದೆಯೇ ಅಲಗು ನಡೆಸಿದಳು. ಚರ್ಮ ಉಸಿರು ಬಿಟ್ಟಂಥ ಸದ್ದು ಮಾಡುತ್ತ ಎರಡಾಯಿತು. ಸೊಸೆ ತಲೆಯೆತ್ತಿದಾಗ ಗಂಡನೂ ಅಂಗಳದ ಬಾಗಿಲಲ್ಲಿ ಬಂದು ನಿಂತಿದ್ದ. ಮೈದುನ ತನ್ನ ಚಾಕುವಿನ ಅಲಗನ್ನು ಹೆಬ್ಬೆರಳಿಗೆ ತಾಗಿಸಿ ನೋಡಿಕೊಂಡು, ಸದ್ದಿಲ್ಲದೆ ಮಸೆಗಲ್ಲಿನ ಕಡೆ ಹೋದ.

ಟೀ ಹೊತ್ತಿಗೆ ಸೊಸೆ ಸೇಬು ಸುಲಿದಳು. ಸಿಪ್ಪೆ ನಡುವೆ ಒಂದು ಕಡೆ ತುಂಡಾಯಿತು. ಮಾವನಿಗೆ ಅದರಿಂದ ಆದ ಸಂತೋಷ ಅಷ್ಟಿಷ್ಟಲ್ಲ.

ಸಂಜೆ ಅವಳು ಮಶೀನಿನ ಮುಂದೆ ಕುಳಿತು, ಚಾಕುವನ್ನು ತನ್ನ ಬಲಜೇಬಿಗೆ ಇಳಿಸಿ ಮೇಲಿನಿಂದ ತಟ್ಟಿ, ಆ ತುದಿಗೆ ಕೇಳುವಂತೆ ಕೂಗಿದಳು: "ಮಾವ, ಆ ಸೀಮೆಸುಣ್ಣ ಸ್ವಲ್ಪ ಎಸೀರಿ. ಒಂದು ಗುರುತು ಹಾಕ್ಬೇಕು."

ಸ್ಟೂಲು ಕಿರ್ರೆಂದಿತು. ಮಾವ ಬೆಲ್ಟಿನಲ್ಲಿ ಉಳಿದಿದ್ದ ಹುರಿಯ ತುದಿಗೆ ಸೀಮೆಸುಣ್ಣವನ್ನು ಬಿಗಿಯಾಗಿ ಕಟ್ಟಿಕೊಂಡಿದ್ದರು.

"ಎಸೆಯೋದೆಲ್ಲ ಇಲ್ಲ" ಎನ್ನುತ್ತ ಮೂಟೆಗಳನ್ನು ಬಳಸಿಕೊಂಡು ಹೊರಟರು. "ನಾನೇ ಬರ್ತೀನಿ."